ನೋಯುವ ಪಾದ, ನೋಯದ ಪಾದ: ಪಾದ ಮತ್ತು ಹರಡಿನ ತೊಂದರೆಗಳು ಹಾಗೂ ಅವುಗಳ ಆರೈಕೆ



ದಿನಕ್ಕೆ ನಾಲ್ಕು ಸಲ ಕನ್ನಡಿಯಲ್ಲಿ ಮುಖ ನೋಡಿಕೊಳ್ಳುವ ನಾವು ನಮ್ಮ ಅಂಗಾಲನ್ನು ನೋಡಿಕೊಂಡು ಎಷ್ಟು ದಿನವಾಯಿತು? ಹೊಲದಲ್ಲಿರಲಿ, ಅಂಗಡಿಯಲ್ಲಿರಲಿ, ಅಡುಗೆಮನೆಯಲ್ಲಿರಲಿ, ದೇಹದ ಪೂರ್ತಿ ಭಾರ ಹೊರುವುದು ಈ ಎರಡು ಪಾದಗಳೇ. ಆದರೂ ಅವು ನಮ್ಮ ಗಮನಕ್ಕೆ ಬರುವುದು ನೋವಾದಾಗ ಮಾತ್ರ.

ಕಾಲಿನ ತೊಂದರೆಯಿಂದ ಆಸ್ಪತ್ರೆಗೆ ಬರುವವರಲ್ಲಿ ಎರಡು ಬಗೆಯವರನ್ನು ಕಾಣುತ್ತೇವೆ. ಕೆಲವರು "ಕಾಲು ಊರಲಿಕ್ಕೇ ಆಗ್ತಿಲ್ಲ ಸಿಸ್ಟರ್" ಎಂದು ಕುಂಟುತ್ತ ಬರುತ್ತಾರೆ. ಇನ್ನು ಕೆಲವರು "ನೋವೇನೂ ಇಲ್ರಿ, ಸಣ್ಣ ಗಾಯ. ಮನೆಯವರು ಬಿಡಲಿಲ್ಲ ಅಂತ ಬಂದೆ" ಎನ್ನುತ್ತಾರೆ. ಮೊದಲನೆಯವರಲ್ಲಿ ಹೆಚ್ಚಿನವರು ಸರಿಯಾದ ಆರೈಕೆಯಿಂದ ಮತ್ತೆ ಚೆನ್ನಾಗಿ ನಡೆದಾಡುತ್ತಾರೆ. ನಮಗೆ ಹೆಚ್ಚು ಚಿಂತೆಯಾಗುವುದು ಎರಡನೆಯವರ ಬಗ್ಗೆ. ನೋವು ಒಂದು ಎಚ್ಚರಿಕೆಯ ಗಂಟೆ. ಆ ಗಂಟೆ ಬಾರಿಸದ ಪಾದವೇ ಹೆಚ್ಚು ಅಪಾಯದಲ್ಲಿರುವ ಪಾದ. ಈ ಕಿರುಹೊತ್ತಿಗೆಯಲ್ಲಿ ಎರಡೂ ಬಗೆಯ ಪಾದಗಳ ಆರೈಕೆಯನ್ನು ತಿಳಿಸಿದ್ದೇವೆ.

ಪಾದದ ರಚನೆ

ಒಂದು ಪಾದದಲ್ಲಿ 26 ಎಲುಬುಗಳಿವೆ. ಎರಡೂ ಪಾದ ಸೇರಿ 52. ದೇಹದಲ್ಲಿರುವ ಒಟ್ಟು ಎಲುಬುಗಳು 206. ಅಂದರೆ ಸುಮಾರು ಕಾಲು ಭಾಗದಷ್ಟು ಎಲುಬುಗಳು ಪಾದಗಳಲ್ಲಿಯೇ ಇವೆ. ಇವುಗಳನ್ನು ಗಟ್ಟಿಯಾದ ನಾರುಗಳು ಒಂದಕ್ಕೊಂದು ಬಿಗಿದು ಕಟ್ಟಿವೆ. ಪಾದವೂ ಕಾಲೂ ಕೂಡುವ ಕೀಲಿಗೆ ಹರಡು ಎನ್ನುತ್ತೇವೆ. ಹರಡಿನ ಒಳಬದಿ ಮತ್ತು ಹೊರಬದಿಯಲ್ಲಿ ಕೈಗೆ ಸಿಗುವ ಎರಡು ಗಂಟುಗಳು ಕಾಲಿನ ಎಲುಬುಗಳ ಕೆಳತುದಿಗಳು. ಅಂಗಾಲಿನ ಅಡಿಯಲ್ಲಿ ಹಿಮ್ಮಡಿಯಿಂದ ಬೆರಳುಗಳವರೆಗೆ ಒಂದು ದಪ್ಪ ನಾರುಪಟ್ಟಿ ಇದೆ. ಬಿಲ್ಲಿಗೆ ಹೆದೆಯಿರುವಂತೆ ಅದು ಪಾದದ ಕಮಾನನ್ನು ಹಿಡಿದಿಡುತ್ತದೆ.

1. ಹಿಮ್ಮಡಿ ನೋವು

ಬೆಳಿಗ್ಗೆ ಹಾಸಿಗೆಯಿಂದ ಎದ್ದು ಮೊದಲ ಹೆಜ್ಜೆ ಇಟ್ಟೊಡನೆ ಹಿಮ್ಮಡಿಯಲ್ಲಿ ಮುಳ್ಳು ಚುಚ್ಚಿದಂತಾಗುತ್ತದೆಯೇ? ನಾಲ್ಕು ಹೆಜ್ಜೆ ನಡೆದ ಮೇಲೆ ಕಡಿಮೆಯಾಗಿ, ಬಹಳ ಹೊತ್ತು ಕುಳಿತು ಎದ್ದರೆ ಮತ್ತೆ ಬರುತ್ತದೆಯೇ? ಹಾಗಿದ್ದರೆ ಹೆಚ್ಚಾಗಿ ಇದು ಮೇಲೆ ಹೇಳಿದ ನಾರುಪಟ್ಟಿ ಹಿಮ್ಮಡಿಗೆ ಅಂಟಿಕೊಂಡಿರುವ ಜಾಗದ ನೋವು. ಬಹಳ ಹೊತ್ತು ನಿಂತು ಕೆಲಸ ಮಾಡುವವರಲ್ಲಿ, ತೂಕ ಹೆಚ್ಚಿರುವವರಲ್ಲಿ, ಕಲ್ಲು ಅಥವಾ ಟೈಲ್ಸ್ ನೆಲದ ಮೇಲೆ ದಿನವಿಡೀ ಬರಿಗಾಲಲ್ಲಿ ಓಡಾಡುವ ಗೃಹಿಣಿಯರಲ್ಲಿ ಇದು ಹೆಚ್ಚು.

ಎಕ್ಸ್‌ರೇಯಲ್ಲಿ "ಎಲುಬು ಮುಳ್ಳಿನಂತೆ ಬೆಳೆದಿದೆ" ಎಂದು ಕೇಳಿ ಬಹಳ ಜನ ಹೆದರುತ್ತಾರೆ. ಹೆದರಬೇಕಾಗಿಲ್ಲ. ನೋವೇ ಇಲ್ಲದ ಅನೇಕರಲ್ಲಿಯೂ ಇಂಥ ಮುಳ್ಳು ಇರುತ್ತದೆ. ಅದನ್ನು ಕೊಯ್ದು ತೆಗೆಯುವ ಅಗತ್ಯ ಸಾಮಾನ್ಯವಾಗಿ ಬರುವುದಿಲ್ಲ.

ಮನೆಯಲ್ಲಿ ಮಾಡಬೇಕಾದದ್ದು:

• ಹಾಸಿಗೆಯಿಂದ ಏಳುವ ಮೊದಲು ಒಂದು ಟವೆಲ್ಲನ್ನು ಪಾದದ ಮುಂಭಾಗಕ್ಕೆ ಹಾಕಿ, ಮಂಡಿ ಬಗ್ಗಿಸದೆ ನಿಮ್ಮ ಕಡೆಗೆ ಎಳೆಯಿರಿ. 30 ಎಣಿಸುವವರೆಗೆ ಹಿಡಿದು ಬಿಡಿ. ಮೂರು ಸಲ ಮಾಡಿ.
• ಗೋಡೆಗೆ ಎರಡೂ ಕೈ ಊರಿ, ನೋಯುವ ಕಾಲನ್ನು ಹಿಂದಕ್ಕೆ ಚಾಚಿ, ಹಿಮ್ಮಡಿ ನೆಲದಿಂದ ಏಳದಂತೆ ಮುಂದಕ್ಕೆ ಬಾಗಿ. ಮೀನಖಂಡ ಎಳೆದಂತಾಗಬೇಕು.
• ತಣ್ಣೀರು ತುಂಬಿದ ಬಾಟಲಿಯನ್ನು ಅಂಗಾಲಿನ ಕೆಳಗಿಟ್ಟು ಹಿಂದೆ ಮುಂದೆ ಉರುಳಿಸಿ.
• ಮನೆಯೊಳಗೂ ಮೆತ್ತನೆಯ ಚಪ್ಪಲಿ ಹಾಕಿಕೊಳ್ಳಿ. ದೇವರ ಮನೆ, ಅಡುಗೆಮನೆಯಲ್ಲಿ ಬಳಸಲು ಬೇರೆಯೇ ಒಂದು ಜೊತೆ ಇಟ್ಟುಕೊಳ್ಳಬಹುದು.

ಇದು ವಾರದಲ್ಲಿ ಹೋಗುವ ನೋವಲ್ಲ. ತಿಂಗಳುಗಳೇ ಹಿಡಿಯಬಹುದು. ಆದರೆ ವ್ಯಾಯಾಮ ಬಿಡದೆ ಮಾಡಿದವರಲ್ಲಿ ಹೆಚ್ಚಿನವರಿಗೆ ಶಸ್ತ್ರಚಿಕಿತ್ಸೆಯಿಲ್ಲದೆ ಗುಣವಾಗುತ್ತದೆ. ಔಷಧಿ ಅಂಗಡಿಯಿಂದ ನೋವಿನ ಮಾತ್ರೆ ತಂದು ತಿಂಗಳುಗಟ್ಟಲೆ ನುಂಗಬೇಡಿ. ಅದರಿಂದ ಹೊಟ್ಟೆಗೂ ಮೂತ್ರಪಿಂಡಕ್ಕೂ ತೊಂದರೆಯಾಗುತ್ತದೆ.

2. ಹರಡು ಉಳುಕುವುದು

ಮೆಟ್ಟಿಲು ತಪ್ಪಿದಾಗ, ಹೊಲದ ಬದುವಿನ ಮೇಲೆ ಕಾಲು ಜಾರಿದಾಗ ಪಾದ ಒಳಕ್ಕೆ ಹೊರಳಿ ಹರಡಿನ ಹೊರಬದಿಯ ನಾರುಗಳು ಜಗ್ಗುತ್ತವೆ ಅಥವಾ ಹರಿಯುತ್ತವೆ. ಬಾವು ಬರುತ್ತದೆ, ಚರ್ಮ ನೀಲಿಗಟ್ಟುತ್ತದೆ.

ಮೊದಲ ಎರಡು ಮೂರು ದಿನ:

• ಕಾಲಿಗೆ ವಿಶ್ರಾಂತಿ ಕೊಡಿ.
• ಮಂಜುಗಡ್ಡೆಯನ್ನು ಬಟ್ಟೆಯಲ್ಲಿ ಸುತ್ತಿ 15ರಿಂದ 20 ನಿಮಿಷ ಇಡಿ. ಎರಡು ಮೂರು ಗಂಟೆಗೊಮ್ಮೆ ಹೀಗೆ ಮಾಡಿ. ಮಂಜುಗಡ್ಡೆಯನ್ನು ನೇರವಾಗಿ ಚರ್ಮಕ್ಕೆ ತಾಗಿಸಬೇಡಿ. ಪಾದದಲ್ಲಿ ಸ್ಪರ್ಶ ಕಡಿಮೆಯಿರುವ ಸಕ್ಕರೆ ಕಾಯಿಲೆಯವರು ಮಂಜುಗಡ್ಡೆ ಇಡಲೇಬಾರದು.
• ಕ್ರೇಪ್ ಬ್ಯಾಂಡೇಜನ್ನು ಬೆರಳಿನ ಬುಡದಿಂದ ಮೇಲಕ್ಕೆ ಸುತ್ತಿ. ಬೆರಳುಗಳು ತಣ್ಣಗಾದರೆ, ನೀಲಿಯಾದರೆ ಅಥವಾ ಜೋಮು ಹಿಡಿದರೆ ತಕ್ಷಣ ಸಡಿಲಿಸಿ.
• ಮಲಗಿದಾಗ ದಿಂಬಿನ ಮೇಲೆ ಕಾಲಿಟ್ಟು ಎದೆಗಿಂತ ಎತ್ತರದಲ್ಲಿರಿಸಿ.
• ಕಾಲುಂಗುರ, ಕಾಲ್ಗೆಜ್ಜೆಗಳನ್ನು ಬಾವು ಏರುವ ಮೊದಲೇ ತೆಗೆಯಿರಿ.

ಈ ದಿನಗಳಲ್ಲಿ ಬಿಸಿ ಶಾಖ ಬೇಡ, ಎಣ್ಣೆ ಹಚ್ಚಿ ತಿಕ್ಕುವುದೂ ಬೇಡ. "ಉಳುಕು ತೆಗೆಸುತ್ತೇವೆ" ಎಂದು ಎಳೆಸಿಕೊಳ್ಳಬೇಡಿ. ಎಲುಬು ಮುರಿದಿದ್ದರೆ ಎಳೆದಾಗ ಇನ್ನಷ್ಟು ಸರಿದುಹೋಗುತ್ತದೆ. ಬಿದಿರಿನ ದಬ್ಬೆಯಿಟ್ಟು ಬಿಗಿಯಾಗಿ ಕಟ್ಟಿದ ಕಟ್ಟಿನಿಂದ ರಕ್ತ ಸಂಚಾರ ನಿಂತು ಪಾದವನ್ನೇ ಕಳೆದುಕೊಳ್ಳುವ ಸಂಭವವೂ ಇದೆ.

ಉಳುಕೋ ಮುರಿತವೋ ತಿಳಿಯುವುದು ಹೇಗೆ? ಪೆಟ್ಟಾದ ಕೂಡಲೇ ಮತ್ತು ಆಸ್ಪತ್ರೆಗೆ ಬಂದಾಗ, ಕುಂಟುತ್ತಲಾದರೂ ನಾಲ್ಕು ಹೆಜ್ಜೆ ನಡೆಯಲಾಗದಿದ್ದರೆ ಎಕ್ಸ್‌ರೇ ಬೇಕು. ಹರಡಿನ ಗಂಟಿನ ಹಿಂಭಾಗದ ಅಥವಾ ತುದಿಯ ಎಲುಬನ್ನು ಒತ್ತಿದಾಗ ನೋವಾದರೂ, ಪಾದದ ಹೊರ ಅಂಚಿನ ಮಧ್ಯದಲ್ಲಿರುವ ಉಬ್ಬನ್ನು ಒತ್ತಿದಾಗ ನೋವಾದರೂ ಎಕ್ಸ್‌ರೇ ಬೇಕು. ಹಿಮ್ಮಡಿಯ ಹಿಂದೆ "ಟಪ್" ಎಂದು ಹೊಡೆದಂತಾಗಿ, ನಂತರ ತುದಿಗಾಲಲ್ಲಿ ನಿಲ್ಲಲಾಗದಿದ್ದರೆ ಅಲ್ಲಿನ ದೊಡ್ಡ ಸ್ನಾಯುರಜ್ಜು ಹರಿದಿರಬಹುದು. ಅದೇ ದಿನ ಬನ್ನಿ.

ನೋವು ಇಳಿದಂತೆ ಕಾಲು ಆಡಿಸಲು ಶುರು ಮಾಡಿ. ಕುರ್ಚಿಯಲ್ಲಿ ಕುಳಿತು ಹೆಬ್ಬೆರಳಿನಿಂದ ಗಾಳಿಯಲ್ಲಿ ಅ, ಆ, ಇ, ಈ ಬರೆಯಿರಿ. ಅಕ್ಷರಮಾಲೆ ಪೂರ್ತಿ ಬರೆಯುವಷ್ಟರಲ್ಲಿ ಹರಡು ಎಲ್ಲ ದಿಕ್ಕಿಗೂ ತಿರುಗಿರುತ್ತದೆ. ಆಮೇಲೆ ಗೋಡೆಯ ಪಕ್ಕದಲ್ಲಿ ಒಂದೇ ಕಾಲಲ್ಲಿ ನಿಲ್ಲುವ ಅಭ್ಯಾಸ ಮಾಡಿ. ಇದನ್ನು ಬಿಟ್ಟವರಿಗೆ ಅದೇ ಕಾಲು ಮತ್ತೆ ಮತ್ತೆ ಉಳುಕುತ್ತದೆ.

3. ಒಡಕು, ಆಣಿ, ಕೆಸರು ಹುಣ್ಣು

ಹಿಮ್ಮಡಿ ಒಡಕು: ರಾತ್ರಿ ಉಗುರುಬೆಚ್ಚಗಿನ ನೀರಿನಲ್ಲಿ ಸ್ವಲ್ಪ ಹೊತ್ತು ಕಾಲು ನೆನೆಸಿ, ಮೃದುವಾಗಿ ಉಜ್ಜಿ, ಒರೆಸಿ, ವ್ಯಾಸಲೀನ್ ಅಥವಾ ಕೊಬ್ಬರಿ ಎಣ್ಣೆ ಹಚ್ಚಿ ಹತ್ತಿಯ ಕಾಲುಚೀಲ ಹಾಕಿಕೊಳ್ಳಿ. ಬೆರಳುಗಳ ಸಂದಿಗೆ ಎಣ್ಣೆ ಹಚ್ಚಬೇಡಿ. ಒಡಕಿನ ಅಂಚನ್ನು ಬ್ಲೇಡಿನಿಂದ ಹೆರೆಯಬೇಡಿ.

ಆಣಿ: ಒಂದೇ ಜಾಗಕ್ಕೆ ಒತ್ತಡ ಬಿದ್ದು ಚರ್ಮ ಗಟ್ಟಿಯಾಗುವುದೇ ಆಣಿ. ಒತ್ತುವ ಚಪ್ಪಲಿ ಬದಲಿಸದೆ ಆಣಿಯನ್ನು ಮಾತ್ರ ತೆಗೆಸಿದರೆ ಅದು ಮತ್ತೆ ಬರುತ್ತದೆ. ಅಂಗಡಿಯಲ್ಲಿ ಸಿಗುವ ಆಣಿಪಟ್ಟಿಯಲ್ಲಿ ಚರ್ಮ ಕರಗಿಸುವ ಆಮ್ಲವಿರುತ್ತದೆ. ಸಕ್ಕರೆ ಕಾಯಿಲೆ ಇರುವವರು ಅದನ್ನು ಬಳಸಕೂಡದು.

ಕೆಸರು ಹುಣ್ಣು: ನೀರಿನಲ್ಲಿ, ಗದ್ದೆಯಲ್ಲಿ ನಿಂತು ಕೆಲಸ ಮಾಡುವವರಿಗೆ ಬೆರಳುಗಳ ಸಂದು ಬೆಳ್ಳಗೆ ಮೆತ್ತಗಾಗಿ ತುರಿಕೆ ಬರುತ್ತದೆ. ಇದು ಹೆಚ್ಚಾಗಿ ಶಿಲೀಂಧ್ರದ ಸೋಂಕು. ತೊಳೆದ ಮೇಲೆ ಪ್ರತಿ ಸಂದನ್ನೂ ಒಣಬಟ್ಟೆಯಿಂದ ಒರೆಸುವುದೇ ಅರ್ಧ ಚಿಕಿತ್ಸೆ. ವೈದ್ಯರು ಬರೆದ ಮುಲಾಮನ್ನು ತುರಿಕೆ ನಿಂತ ಕೂಡಲೇ ನಿಲ್ಲಿಸದೆ ಅವರು ಹೇಳಿದಷ್ಟು ದಿನ ಹಚ್ಚಿ.

4. ಕಾಲು ಬಾವು

ಎರಡೂ ಪಾದಗಳಲ್ಲಿ ಬಾವು ಬಂದು, ಒತ್ತಿದರೆ ಗುಳಿ ಬಿದ್ದರೆ ಕಾರಣ ಪಾದದಲ್ಲಿಯೇ ಇರಬೇಕೆಂದಿಲ್ಲ. ಹೃದಯ, ಮೂತ್ರಪಿಂಡ, ಯಕೃತ್ತಿನ ತೊಂದರೆ, ರಕ್ತಹೀನತೆ ಅಥವಾ ರಕ್ತದೊತ್ತಡದ ಕೆಲವು ಮಾತ್ರೆಗಳೂ ಕಾರಣವಾಗಬಹುದು. ಗರ್ಭಿಣಿಯರಿಗೆ ಪಾದದ ಜೊತೆ ಮುಖ, ಕೈಗಳೂ ಊದಿ ತಲೆನೋವು ಬಂದರೆ ಅಂದೇ ರಕ್ತದೊತ್ತಡ ಪರೀಕ್ಷಿಸಬೇಕು. ಒಂದೇ ಕಾಲು ಇದ್ದಕ್ಕಿದ್ದಂತೆ ಊದಿ ಮೀನಖಂಡ ನೋಯುತ್ತಿದ್ದರೆ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ಅದನ್ನು ತಿಕ್ಕಬೇಡಿ, ತಡಮಾಡದೆ ಬನ್ನಿ. ಹೆಬ್ಬೆರಳಿನ ಬುಡ ರಾತ್ರೋರಾತ್ರಿ ಕೆಂಪಾಗಿ ಊದಿ, ಹೊದಿಕೆ ತಾಗಿದರೂ ನೋಯುವಂತಾದರೆ ಯೂರಿಕ್ ಆಮ್ಲದಿಂದ ಬರುವ ಕೀಲುವಾತ ಇರಬಹುದು.

5. ನೋಯದ ಪಾದ

ಇಲ್ಲಿಂದ ಮುಂದಿನ ಭಾಗವನ್ನು ಸಕ್ಕರೆ ಕಾಯಿಲೆ ಇರುವವರೂ ಅವರ ಮನೆಯವರೂ ದಯವಿಟ್ಟು ಎರಡು ಸಲ ಓದಿ. ಓದಲು ಬಾರದವರಿಗೆ ಓದಿ ಹೇಳಿ.

ರಕ್ತದಲ್ಲಿ ಸಕ್ಕರೆ ವರ್ಷಗಟ್ಟಲೆ ಹೆಚ್ಚಾಗಿದ್ದರೆ ಪಾದದ ನರಗಳು ಕೆಡುತ್ತವೆ. ಮೊದಮೊದಲು ಉರಿ, ಜುಮುಜುಮು, ಇರುವೆ ಹರಿದಂತೆ, ಹತ್ತಿಯ ಮೇಲೆ ನಡೆದಂತೆ ಅನಿಸುತ್ತದೆ. ಕ್ರಮೇಣ ಉರಿ ನಿಲ್ಲುತ್ತದೆ. ಆಗ ರೋಗಿ "ಈಗ ಎಷ್ಟೋ ವಾಸಿ" ಎಂದುಕೊಳ್ಳುತ್ತಾರೆ. ಸಕ್ಕರೆ ಹತೋಟಿಗೆ ಬಾರದೆ ಉರಿ ತಾನಾಗಿಯೇ ನಿಂತಿದ್ದರೆ ಅದು ವಾಸಿಯಾದ ಲಕ್ಷಣವಲ್ಲ. ನರ ಪೂರ್ತಿ ಸುಮ್ಮನಾಗಿರಬಹುದು. ಇದರ ಜೊತೆ ರಕ್ತನಾಳಗಳೂ ಕಿರಿದಾಗಿದ್ದರೆ ಆದ ಗಾಯ ಮಾಯುವುದಿಲ್ಲ. ಬೀಡಿ, ಸಿಗರೇಟು, ತಂಬಾಕು ಇದನ್ನು ಇನ್ನಷ್ಟು ಕೆಡಿಸುತ್ತವೆ.

ಸ್ಪರ್ಶವಿಲ್ಲದ ಪಾದಕ್ಕೆ ಏನೆಲ್ಲ ಆಗಬಹುದು ನೋಡಿ. ಚಪ್ಪಲಿಯಲ್ಲಿ ಸಿಕ್ಕ ಮೊಳೆ ದಿನವಿಡೀ ಚುಚ್ಚಿದರೂ ತಿಳಿಯುವುದಿಲ್ಲ. ನಡೆಯುವಾಗ ಚಪ್ಪಲಿ ಕಾಲಿನಿಂದ ಕಳಚಿ ಹಿಂದೆ ಉಳಿದದ್ದೂ ಗೊತ್ತಾಗುವುದಿಲ್ಲ. ಚಳಿಯಲ್ಲಿ ಬೆಂಕಿ ಕಾಯಿಸುವಾಗ, ಬೈಕಿನ ಸೈಲೆನ್ಸರ್ ತಾಗಿದಾಗ, ಬಸ್ಸಿನಲ್ಲಿ ಎಂಜಿನ್ ಪಕ್ಕದ ಸೀಟಿನಲ್ಲಿ ಕುಳಿತಾಗ ಸುಟ್ಟದ್ದು ಬೊಬ್ಬೆ ಎದ್ದ ಮೇಲೆಯೇ ಕಾಣುವುದು. ಮಲಗಿದ್ದಾಗ ಇಲಿ ಕಚ್ಚಿದ್ದು ಬೆಳಿಗ್ಗೆ ಹಾಸಿಗೆಯ ಮೇಲೆ ರಕ್ತ ಕಂಡಾಗ ಗೊತ್ತಾದ ಉದಾಹರಣೆಗಳೂ ಇವೆ.

ನೋವಿಲ್ಲದಿರುವುದೇ ಗಾಯಕ್ಕೆ ಮೂಲವೆಂಬುದನ್ನು ವೈದ್ಯಲೋಕಕ್ಕೆ ಮನವರಿಕೆ ಮಾಡಿಕೊಟ್ಟವರಲ್ಲಿ ಡಾ. ಪಾಲ್ ಬ್ರಾಂಡ್ ಪ್ರಮುಖರು. 1946ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಬಂದ ಈ ಶಸ್ತ್ರವೈದ್ಯರು ಕುಷ್ಠರೋಗಿಗಳ ಕೈಕಾಲುಗಳನ್ನು ವರ್ಷಗಳ ಕಾಲ ಗಮನಿಸಿದರು. ಬೆರಳುಗಳು ರೋಗದಿಂದ ತಾವಾಗಿ ಉದುರುವುದಿಲ್ಲ, ಸ್ಪರ್ಶವಿಲ್ಲದ್ದರಿಂದ ಆಗುವ ಗಾಯ ಮತ್ತು ಸೋಂಕಿನಿಂದ ನಾಶವಾಗುತ್ತವೆ ಎಂದು ತೋರಿಸಿಕೊಟ್ಟರು. ಸಕ್ಕರೆ ಕಾಯಿಲೆಯ ಪಾದಕ್ಕೂ ಅದೇ ಮಾತು ಅನ್ವಯಿಸುತ್ತದೆ. ಇಂದು ಇಂಥ ರೋಗಿಗಳಿಗೆ ಕೊಡುವ ಎಂ.ಸಿ.ಆರ್. ಎಂಬ ಮೆತ್ತನೆಯ ರಬ್ಬರಿನ ಚಪ್ಪಲಿ ಮೊದಲು ಕುಷ್ಠರೋಗಿಗಳ ಆರೈಕೆಯಲ್ಲಿ ಬಳಕೆಗೆ ಬಂದದ್ದು. (ಮೈಮೇಲೆ ಸ್ಪರ್ಶವಿಲ್ಲದ ತಿಳಿಬಣ್ಣದ ಮಚ್ಚೆ ಇದ್ದರೆ ತೋರಿಸಿಕೊಳ್ಳಿ. ಕುಷ್ಠರೋಗಕ್ಕೆ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ ಔಷಧವಿದೆ, ಪೂರ್ಣ ಗುಣವಾಗುತ್ತದೆ.)

ಮನೆಯಲ್ಲಿಯೇ ಮಾಡಬಹುದಾದ ಸ್ಪರ್ಶ ಪರೀಕ್ಷೆ

ರೋಗಿ ಕಣ್ಣು ಮುಚ್ಚಿ ಮಲಗಲಿ. ಮನೆಯವರು ತಮ್ಮ ತೋರುಬೆರಳಿನ ತುದಿಯಿಂದ ರೋಗಿಯ ಹೆಬ್ಬೆರಳು, ನಡುಬೆರಳು ಮತ್ತು ಕಿರುಬೆರಳಿನ ತುದಿಯನ್ನು ಒಂದೆರಡು ಸೆಕೆಂಡು ಹಗುರವಾಗಿ ಮುಟ್ಟಲಿ. ಒತ್ತಬಾರದು, ತಟ್ಟಬಾರದು, ಕಚಗುಳಿ ಇಡಬಾರದು. ಮುಟ್ಟಿದ್ದು ತಿಳಿದಾಗ ರೋಗಿ "ಬಲ" ಅಥವಾ "ಎಡ" ಎನ್ನಲಿ. ಎರಡೂ ಪಾದ ಸೇರಿ ಆರು ಬೆರಳುಗಳಲ್ಲಿ ಎರಡು ಅಥವಾ ಹೆಚ್ಚು ಬೆರಳುಗಳಲ್ಲಿ ಸ್ಪರ್ಶ ತಿಳಿಯದಿದ್ದರೆ ಆ ಪಾದಗಳು ಅಪಾಯದಲ್ಲಿವೆ ಎಂದು ತಿಳಿಯಿರಿ, ವೈದ್ಯರಿಗೆ ತೋರಿಸಿ. ಎಲ್ಲವೂ ಸರಿಯಿದ್ದರೂ ಸಕ್ಕರೆ ಕಾಯಿಲೆ ಇರುವವರು ವರ್ಷಕ್ಕೊಮ್ಮೆ ಆಸ್ಪತ್ರೆಯಲ್ಲಿ ಪಾದ ಪರೀಕ್ಷೆ ಮಾಡಿಸಿಕೊಳ್ಳಲೇಬೇಕು.

ನಿತ್ಯದ ಪಾದ ಆರೈಕೆ

1. ಪ್ರತಿದಿನ ರಾತ್ರಿ ಮಲಗುವ ಮೊದಲು ಎರಡೂ ಪಾದಗಳ ಮೇಲ್ಭಾಗ, ಅಂಗಾಲು, ಹಿಮ್ಮಡಿ, ಬೆರಳುಗಳ ಸಂದು ನೋಡಿಕೊಳ್ಳಿ. ಬಾಗಲಾಗದವರು ನೆಲದ ಮೇಲೆ ಕನ್ನಡಿಯಿಟ್ಟು ಅದರ ಮೇಲೆ ಪಾದ ಹಿಡಿದು ನೋಡಿ. ಕಣ್ಣು ಮಂಜಾಗಿದ್ದರೆ ಮಗನೋ ಸೊಸೆಯೋ ಮೊಮ್ಮಗಳೋ ನೋಡಲಿ.
2. ಪಾದ ತೊಳೆಯುವ ನೀರಿನ ಬಿಸಿಯನ್ನು ಕಾಲಿನಿಂದಲ್ಲ, ಮೊಣಕೈಯಿಂದ ನೋಡಿ. ಕೈಯ ಸ್ಪರ್ಶವೂ ಕಡಿಮೆಯಿದ್ದರೆ ಮನೆಯವರು ನೋಡಲಿ.
3. ಉಗುರನ್ನು ನೇರವಾಗಿ ಕತ್ತರಿಸಿ. ಮೂಲೆಗಳನ್ನು ಆಳಕ್ಕೆ ತೆಗೆಯಬೇಡಿ.
4. ಮನೆಯೊಳಗೂ ಬರಿಗಾಲಲ್ಲಿ ನಡೆಯಬೇಡಿ. ಮೆಟ್ಟುವ ಮೊದಲು ಚಪ್ಪಲಿ, ಬೂಟನ್ನು ಕೊಡವಿ, ಒಳಗೆ ಕೈಯಾಡಿಸಿ ನೋಡಿ.
5. ಬೆರಳುಗಳ ನಡುವೆ ಪಟ್ಟಿ ಬರುವ ಹವಾಯಿ ಚಪ್ಪಲಿ ಬೇಡ. ಹಿಂದೆ ಪಟ್ಟಿಯಿರುವ, ಅಗಲ ಮುಂಭಾಗದ, ಒಳಗೆ ಮೆತ್ತಗೂ ತಳ ಗಟ್ಟಿಯೂ ಇರುವ ಚಪ್ಪಲಿ ಕೊಳ್ಳಿ. ಸಂಜೆಗೆ ಪಾದ ಸ್ವಲ್ಪ ಊದಿರುತ್ತದೆ, ಆದ್ದರಿಂದ ಸಂಜೆಯೇ ಅಳತೆ ನೋಡಿ.
6. ಬಿಸಿನೀರಿನ ಚೀಲ, ಕೆಂಡದ ಶಾಖ ಬೇಡ.
7. ಗಾಯಕ್ಕೆ ಸುಣ್ಣ, ಅರಿಸಿನ, ಸಗಣಿ, ಎಲೆಯ ರಸ ಹಚ್ಚಬೇಡಿ. ಶುದ್ಧ ನೀರಿನಿಂದ ತೊಳೆದು, ಸ್ವಚ್ಛ ಬಟ್ಟೆ ಮುಚ್ಚಿ, ಅಂದೇ ಅಥವಾ ಮರುದಿನ ಆಸ್ಪತ್ರೆಗೆ ಬನ್ನಿ. ಧನುರ್ವಾಯು ಚುಚ್ಚುಮದ್ದು ಬೇಕೇ ಎಂದು ಕೇಳಿ.

ಹರಕೆ ಹೊತ್ತವರಿಗೆ ಒಂದು ಮಾತು

ನಮ್ಮ ಭಾಗದಿಂದ ಯುಗಾದಿಯ ಮುಂಚೆ ಶ್ರೀಶೈಲಕ್ಕೆ ಪಾದಯಾತ್ರೆ ಹೋಗುವವರು ಬಹಳ ಜನ. ಅದು ಬಿಸಿಲು ಏರುವ ಕಾಲ, ಡಾಂಬರು ರಸ್ತೆ ಕಾದಿರುತ್ತದೆ. ಸ್ಪರ್ಶ ಚೆನ್ನಾಗಿರುವವರು ಕಾಲು ಸುಟ್ಟೊಡನೆ ನೆರಳಿಗೆ ಸರಿಯುತ್ತಾರೆ. ಸ್ಪರ್ಶವಿಲ್ಲದವರು ನಡೆಯುತ್ತಲೇ ಇರುತ್ತಾರೆ, ಸಂಜೆ ಅಂಗಾಲಿನ ಚರ್ಮವೇ ಸುಲಿದಿರುತ್ತದೆ. ಸಕ್ಕರೆ ಕಾಯಿಲೆ ಇರುವವರು ಹೊರಡುವ ಮೊದಲು ಪಾದ ಪರೀಕ್ಷೆ ಮಾಡಿಸಿಕೊಳ್ಳಿ. ಸ್ಪರ್ಶ ಕಡಿಮೆಯಿದ್ದರೆ ಬರಿಗಾಲ ಯಾತ್ರೆ ಖಂಡಿತ ಬೇಡ. ದೇವಸ್ಥಾನ, ಮಠದ ಅಂಗಳದಲ್ಲಿ ಚಪ್ಪಲಿ ಬಿಡಬೇಕಾದಲ್ಲಿ ಕಲ್ಲು ಕಾಯುವ ಮೊದಲೇ, ಬೆಳಗಿನ ಹೊತ್ತು, ದಪ್ಪ ಕಾಲುಚೀಲ ಹಾಕಿಕೊಂಡು ಹೋಗಿ. ಭಕ್ತಿಗೆ ಇದರಿಂದ ಕುಂದಿಲ್ಲ.

ಗಾಯವಾದ ಮೇಲೆ: ಮನೆಯವರ ಪಾತ್ರ

ಪಾದದ ಹುಣ್ಣು ಮಾಯಲು ಸಕ್ಕರೆಯ ಹತೋಟಿ, ಸೋಂಕಿಗೆ ಔಷಧ, ಡ್ರೆಸ್ಸಿಂಗ್ ಬೇಕು. ಇವಿಷ್ಟೇ ಮುಖ್ಯವಾದ ಇನ್ನೊಂದಿದೆ: ಆ ಪಾದದ ಮೇಲೆ ಭಾರ ಹಾಕದಿರುವುದು. ನೋವಿರುವವರಿಗೆ ಇದನ್ನು ಹೇಳಬೇಕಾಗಿಲ್ಲ, ಅವರು ತಾವಾಗಿಯೇ ಕಾಲೂರುವುದಿಲ್ಲ. ನೋವಿಲ್ಲದವರು ಡ್ರೆಸ್ಸಿಂಗ್ ಮುಗಿದೊಡನೆ ಎದ್ದು ಬಸ್ ನಿಲ್ದಾಣಕ್ಕೆ ನಡೆದುಬಿಡುತ್ತಾರೆ. ಒಂದೊಂದು ಹೆಜ್ಜೆಗೂ ಹೊಸದಾಗಿ ಹುಟ್ಟಿದ ಎಳೆಯ ಮಾಂಸ ಜಜ್ಜಿಹೋಗುತ್ತದೆ. "ಆರು ತಿಂಗಳಿಂದ ಡ್ರೆಸ್ಸಿಂಗ್ ಮಾಡಿಸಿದರೂ ಮಾಯುತ್ತಿಲ್ಲ" ಎನ್ನುವ ಎಷ್ಟೋ ಹುಣ್ಣುಗಳ ಹಿಂದಿರುವ ಕಾರಣ ಇದೇ. ಊರುಗೋಲು, ಗಾಲಿಕುರ್ಚಿ, ವಿಶೇಷ ಪ್ಲಾಸ್ಟರ್ ಅಥವಾ ಚಪ್ಪಲಿ ಕೊಟ್ಟಿದ್ದರೆ ಅದನ್ನು ಬಳಸುವಂತೆ ನೋಡಿಕೊಳ್ಳುವುದು ಮನೆಯವರ ಕೆಲಸ. ಶೌಚಾಲಯಕ್ಕೆ ಹೋಗುವ ನಾಲ್ಕು ಹೆಜ್ಜೆಯೂ ಲೆಕ್ಕಕ್ಕೆ ಬರುತ್ತದೆ. ಹುಣ್ಣಿರುವಾಗ ಎಷ್ಟು ಓಡಾಡಬಹುದೆಂದು ವೈದ್ಯರನ್ನೇ ಕೇಳಿ.

ತಡಮಾಡದೆ ಬರಬೇಕಾದ ಲಕ್ಷಣಗಳು

• ಬೆರಳು ಅಥವಾ ಪಾದ ಕಪ್ಪಾಗುವುದು, ಕೀವು, ದುರ್ವಾಸನೆ.
• ಗಾಯದ ಸುತ್ತ ಕೆಂಪು ಹರಡುವುದು, ಜ್ವರ, ಚಳಿ.
• ಪಾದ ಇದ್ದಕ್ಕಿದ್ದಂತೆ ತಣ್ಣಗಾಗಿ ಬಿಳಿಚಿಕೊಳ್ಳುವುದು.
• ಸಕ್ಕರೆ ಕಾಯಿಲೆ ಇರುವವರಲ್ಲಿ ಗಾಯವಿಲ್ಲದೆಯೇ ಒಂದು ಪಾದ ಬಿಸಿಯಾಗಿ, ಕೆಂಪಾಗಿ ಊದುವುದು. ಇದನ್ನು ಉಳುಕೆಂದು ತಿಳಿದು ನಡೆದಾಡಿದರೆ ಒಳಗೆ ಎಲುಬುಗಳು ಕುಸಿದು ಪಾದದ ಆಕಾರವೇ ಕೆಡಬಹುದು. ನೋವು ಕಡಿಮೆಯಿದ್ದರೂ ಕಾಲೂರದೆ ಅಂದೇ ಬನ್ನಿ.

ಕೊನೆಯದಾಗಿ

"ಆಸ್ಪತ್ರೆಗೆ ಹೋದರೆ ಕಾಲು ತೆಗೀತಾರೆ" ಎಂಬ ಹೆದರಿಕೆಯಿಂದ ಗಾಯ ಮುಚ್ಚಿಡುವವರಿದ್ದಾರೆ. ಅವರ ಹೆದರಿಕೆ ನಮಗೆ ಅರ್ಥವಾಗುತ್ತದೆ. ಆದರೆ ಬೇಗ ಬಂದವರಲ್ಲಿ ಹೆಚ್ಚಿನವರ ಕಾಲನ್ನು ಉಳಿಸಬಹುದು. ಕಾಲು ತೆಗೆಯಬೇಕಾದ ಸ್ಥಿತಿ ಬರುವುದು ಬಹುತೇಕ ಒಂದು ಸಣ್ಣ ಗಾಯದಿಂದಲೇ, ಅದನ್ನು ಯಾರೂ ನೋಡದೆ ಬಿಟ್ಟ ದಿನಗಳಿಂದಲೇ. ನೋವು ಹೇಳಬೇಕಾದದ್ದನ್ನು ಹೇಳದಿದ್ದಾಗ ಕಣ್ಣು ಮತ್ತು ಕೈ ಆ ಕೆಲಸ ಮಾಡಬೇಕು.

ಊಟದಷ್ಟೇ, ಸ್ನಾನದಷ್ಟೇ ಇದೂ ನಿತ್ಯದ ಕಾಯಕವಾಗಲಿ. ಈ ರಾತ್ರಿ ದೀಪ ಆರಿಸುವ ಮೊದಲು ಎರಡು ನಿಮಿಷ ನಿಮ್ಮ ಪಾದಗಳನ್ನು ನೋಡಿಕೊಳ್ಳಿ. ಮನೆಯಲ್ಲಿ ಹಿರಿಯರಿದ್ದರೆ ಅವರ ಪಾದಗಳನ್ನೂ ನೋಡಿ. ಏನೇ ಸಂದೇಹ ಬಂದರೂ ನಮ್ಮ ದಾದಿಯರನ್ನು ಸಂಕೋಚವಿಲ್ಲದೆ ಕೇಳಿ.